ಸೈನ್ಯಕ್ಕೊಂದು ಉಂಡೆ ನೂಲು

ಗಾಳಿ ದಿಕ್ಕು ಬದಲಿಸಿದ ದಿನ ಅರಬ್ ನಾಡಿನ ಅಲ್ ಕುಸೈಸ್‌ನ ನಮ್ಮ ಮನೆಯಲ್ಲಿ ಜಗಳ ಖಾತ್ರಿ. ಜಾನುವಾರು ಮಾರುಕಟ್ಟೆ ದೂರವೇನಿಲ್ಲ. ಆ ಕಡೆಯಿಂದ ಬೀಸಿತೆಂದರೆ ಇಡೀ ಕಟ್ಟಡ ಕಿಟಕಿ ಮುಚ್ಚಿಕೊಳ್ಳುತ್ತದೆ, ನಾನು ತೆರೆಯುತ್ತೇನೆ. ನನ್ನ ಗಂಡ ಮೈಸೂರಿನವರು, ಇಲ್ಲಿನ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಕೆಲಸ. ವಾಸನೆ ಅಂದರೆ ಕಾಫಿಯದೋ ಊದುಬತ್ತಿಯದೋ ಇರಬೇಕು ಅವರಿಗೆ. ಮುಚ್ಚೇ ತಾಯಿ ಅಂತ ಅವರು, ಸ್ವಲ್ಪ ತಡ್ಕೊಳ್ರಿ ಅಂತ ನಾನು. ಏನು ಮಾಡಲಿ, ನನ್ನ ಅವ್ವನ ಸೆರಗು ಹೀಗೇ ಕುರಿಕುರಿ ನಾರುತ್ತಿತ್ತು.

ನಮ್ಮದು ಚಳ್ಳಕೆರೆ ಸೀಮೆ, ಕಂಬಳಿ ನೇಯುವವರ ಮನೆ. ಅಪ್ಪ ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕರಿ ಉಣ್ಣೆ ಹಿಂಜಿ ನೂಲುವುದು, ಹುಣಸೆಬೀಜದ ಗಂಜಿ ಕಾಸಿ ಬಳಿದು ಬಿಸಿಲಿಗೆ ಹರವುವುದು ಅವ್ವನ ಪಾಲು. ನಾನೂ ಅವಳ ಪಕ್ಕದಲ್ಲಿ ಕೂತು ನೂಲುತ್ತಿದ್ದೆ. ಆಮೇಲೆ ಓದು, ಮದುವೆ, ವೀಸಾ. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ಅಣ್ಣ ಮಗ್ಗದ ಗುಂಡಿ ಮುಚ್ಚಿಸಿ ಟೈಲ್ಸ್ ಹಾಕಿಸಿದ್ದಾನೆ. ಅವ್ವ ನೂತು ಅಪ್ಪ ನೇಯ್ದ ಕೊನೆಯ ಕಂಬಳಿ ಮಾತ್ರ ಇಲ್ಲಿ ನನ್ನ ಹಾಸಿಗೆಯ ಮೇಲಿದೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಎಸಿ ಕೊರೆಯುತ್ತದಲ್ಲ, ಕಂಬಳಿಗೆ ಇಲ್ಲೂ ಕೆಲಸವಿದೆ.

ಹೋದ ಚಳಿಗಾಲದಲ್ಲಿ ಮಗಳ ಶಾಲೆಯಲ್ಲಿ ಚರಿತ್ರೆಯ ಪಾಠಕ್ಕೆಂದು ತರಗತಿಯನ್ನೇ ಒಂದು ಶಾಸನಸಭೆ ಮಾಡಿದರು. ಬ್ರಿಟಿಷರ ಮೇಲೆ ತಿರುಗಿಬಿದ್ದ ಅಮೆರಿಕದ ಒಂದು ಪ್ರಾಂತ್ಯದ ಸಭೆ. ಅವರ ಬಳಿ ಸೈನ್ಯವಿದೆ, ಅದರ ಮೈಮೇಲೆ ಬಟ್ಟೆಯಿಲ್ಲ. ಅಲ್ಲಿಯವರೆಗೆ ಬಟ್ಟೆ ಬರುತ್ತಿದ್ದದ್ದೂ ಶತ್ರುವಿನ ದೇಶದಿಂದಲೇ. ಚಳಿ ಬೇರೆ ಹತ್ತಿರ ಬರುತ್ತಿದೆ. ಆಗ ಸಭೆ ಊರೂರಿಗೂ ಇಷ್ಟಿಷ್ಟು ಕೋಟು, ಇಷ್ಟಿಷ್ಟು ಕಂಬಳಿ ಕೊಡಿ ಎಂದು ಹೇಳಿಕಳಿಸಿತಂತೆ. ಮನೆಮನೆಯಲ್ಲೂ ನೂಲಿ, ನೇಯಿರಿ, ಕೋವಿಮದ್ದಿಗೆ ಪೆಟ್ಲುಪ್ಪು ಮಾಡಿ, ಉಣ್ಣೆ ಬೇಕಾಗಿರುವುದರಿಂದ ಕುರಿ ಕಡಿಯುವುದನ್ನು ಕಡಿಮೆ ಮಾಡಿ ಎಂದಿತಂತೆ. ಮಗಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಓದುತ್ತಿದ್ದರೆ ನಾನು ಚಪಾತಿ ಲಟ್ಟಿಸುವುದನ್ನು ಬಿಟ್ಟು ನಿಂತೆ. ಕುರಿ ಕಡಿಯಬೇಡಿ ಎನ್ನುವಷ್ಟು ತಿಳಿವಳಿಕೆ ಇದ್ದ ಸರ್ಕಾರವೂ ಭೂಮಿಯ ಮೇಲೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಸಭೆಯ ದಿನ ಪ್ರತಿ ಮಗುವೂ ಸೈನ್ಯಕ್ಕೆಂದು ಏನಾದರೂ ಒಯ್ಯಬೇಕು, ಅದು ಮನೆಯಲ್ಲೇ ತಯಾರಾಗಿರಬೇಕು ಎಂದು ಟೀಚರ್ ಹೇಳಿದ್ದರು. ಮಗಳ ಕಣ್ಣು ಸೀದಾ ಕಂಬಳಿಗೆ ಹೋಯಿತು. ಕೈ ಮುಟ್ಟಿದರೆ ನೋಡು ಎಂದು ಗದರಿದೆ. ಅವಳ ಮುಖ ಸಣ್ಣದಾದದ್ದು ನೋಡಿ, ಈ ಮನೆಯಲ್ಲೇ ನೂಲು ತೆಗೆದುಕೊಡುತ್ತೇನೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ಬೆರಳು ನೋಡಿಕೊಂಡೆ. ಇಷ್ಟು ವರ್ಷಕ್ಕೆ ಕೈ ಮರೆತುಹೋಗಿದ್ದರೆ? ಮಗ್ಗ ಹೋಯಿತು, ಮನೆ ಹೋಯಿತು, ಅವ್ವನದು ಅಂತ ನನ್ನ ಹತ್ತಿರ ಉಳಿದಿದ್ದರೆ ಅದು ಈ ಬೆರಳುಗಳಲ್ಲಿ. ಅದೂ ಇಲ್ಲವೆಂದು ಗೊತ್ತಾದರೆ ಅವಳನ್ನು ಇನ್ನೊಮ್ಮೆ ಮಣ್ಣು ಮಾಡಿದ ಹಾಗೆ.

ಶುಕ್ರವಾರ ಸಂಜೆ ಮಾರುಕಟ್ಟೆಗೆ ಹೋದೆವು. ಗಂಡ ಕಾರಿನಿಂದ ಇಳಿಯಲಿಲ್ಲ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹಾರ್ನ್ ಹೊಡೆಯುತ್ತಲೇ ಇದ್ದರು. ಆ ಗಡಿಬಿಡಿಯಲ್ಲಿ ಮೊದಲ ದೊಡ್ಡಿಯ ಮುಂದೆಯೇ ನಿಂತು, ಕುರಿ ಬೇಡ, ಕೂದಲು ಬೇಕು ಎಂದು ಹಿಂದಿಯಲ್ಲಿ ಕೇಳಿದೆ. ಪೇಶಾವರದ ಕಡೆಯ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕತ್ತರಿ ತಂದು, ಒಂದು ಚೀಲದಷ್ಟು ಕತ್ತರಿಸಿ ಕೊಟ್ಟ. ಮನೆಗೆ ಬಂದು ಹಿಂಜಲು ಕೂತರೆ ಅದು ಹುರಿಗೇ ಬರಲಿಲ್ಲ. ಕರಿತಲೆಯ ಸೊಮಾಲಿ ಕುರಿಗಳವು. ಆ ತಳಿಗೆ ಮೇಕೆಯ ಹಾಗೆ ಕೂದಲು, ಉಣ್ಣೆ ಇರುವುದೇ ಇಲ್ಲ. ಕಂಬಳಿಯವರ ಮಗಳು ಬೆನ್ನು ಮುಟ್ಟಿ ನೋಡದೆ ತಂದಿದ್ದಳು! ಅವ್ವ ಇದ್ದಿದ್ದರೆ ಕೇರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವಳು ನಕ್ಕರೂ ಸಾಕಿತ್ತು ಅನ್ನಿಸಿ ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಮಾರನೆಯ ದಿನ ಹಾರ್ನಿನ ಕಾಟ ಬೇಡವೆಂದು ಮಗಳನ್ನು ಕರೆದುಕೊಂಡು ಟ್ಯಾಕ್ಸಿಯಲ್ಲೇ ಹೋದೆ. ಈ ಸಲ ದೊಡ್ಡಿ ದೊಡ್ಡಿಗೂ ಹೋಗಿ ಕುರಿಗಳ ಬೆನ್ನಿಗೆ ಬೆರಳು ಹಾಕಿ ನೋಡಿದೆ. ಸಿರಿಯಾದ ಕಡೆಯ ಕುರಿಗಳ ಮೇಲೆ ಬೆರಳು ಒಳಗೆ ಹೂತುಹೋಯಿತು, ಹೊರಗೆ ತೆಗೆದರೆ ಜಿಡ್ಡು. ಉಣ್ಣೆಯನ್ನು ಚೀಲಕ್ಕೆ ತುಂಬಿಸಿಕೊಂಡ ಮೇಲೂ ಆ ಜಿಡ್ಡನ್ನು ಮೂಸಿಕೊಂಡು ಅಲ್ಲೇ ನಿಂತುಬಿಟ್ಟೆ. ಸಾಕು ಬಾ ಎಂದು ಮಗಳು ತೋಳು ಹಿಡಿದು ಎಳೆದಳು.

ನೂಲುವ ಕದಿರು ಎಲ್ಲಿಂದ ತರುವುದು? ಆಲೂಗಡ್ಡೆಯ ಬಿಲ್ಲೆಗೆ ಪೆನ್ಸಿಲು ಚುಚ್ಚಿ ತಿರುಗಿಸಿದೆ. ಎಳೆ ಕಡಿಯಿತು, ಮತ್ತೆ ಕಡಿಯಿತು. ಕೈಯನ್ನೇ ನೋಡುತ್ತಾ ಕೂತರೆ ಆಗುತ್ತಲೇ ಇರಲಿಲ್ಲ. ಅಷ್ಟರಲ್ಲಿ ಗಂಡ ಬಂದು ಮನೆ ತುಂಬಾ ಉಣ್ಣೆ ಹಾರಾಡುತ್ತಿದೆ ಎಂದು ಶುರು ಮಾಡಿದರು. ನಾನೂ ಬಿಡಲಿಲ್ಲ, ಅವರ ಮುಖ ನೋಡಿಕೊಂಡೇ ಬೈದೆ. ಬೈದು ಮುಗಿಸಿ ಕೆಳಗೆ ನೋಡಿದರೆ ಪೆನ್ಸಿಲು ನೆಲ ಮುಟ್ಟಿತ್ತು, ಎಳೆ ಎಲ್ಲೂ ಕಡಿದಿರಲಿಲ್ಲ. ಅವ್ವನೂ ಅಪ್ಪನನ್ನು ಬೈಯುತ್ತಲೇ ನೂಲುತ್ತಿದ್ದಳು. ಗಂಡ ಎಳೆಯನ್ನು ನೋಡಿದರು, ನನ್ನ ಮುಖ ನೋಡಿದರು, ಹೋಗಿ ಕಿಟಕಿ ತೆರೆದರು.

ಸಭೆ ಮುಗಿಸಿ ಬಂದ ದಿನ ಮಗಳು ಶಾಲೆಯ ಚೀಲವನ್ನೂ ಇಳಿಸದೆ ಮಾತಿಗೆ ನಿಂತಳು. ಹಳೇ ಲುಂಗಿ ಹರಿದು ಬ್ಯಾಂಡೇಜು ಮಾಡಿ ತಂದವರಿದ್ದರಂತೆ, ಬಿಸ್ಕತ್ತು ಸುಟ್ಟು ತಂದವರಿದ್ದರಂತೆ. ಇವಳ ನೂಲಿನ ಉಂಡೆಯನ್ನು ಎಲ್ಲರೂ ಮೂಸಿ ಛೀ ಅಂದರಂತೆ, ಆಮೇಲೆ ಮತ್ತೆ ಮತ್ತೆ ಕೇಳಿ ಮುಟ್ಟಿ ನೋಡಿದರಂತೆ. ಕೊನೆಗೆ ಸಭೆ ತನ್ನದೇ ಒಂದು ಹೊಸ ಕಾನೂನು ಪಾಸು ಮಾಡಿತಂತೆ.

"ನೂಲೋಕೆ ನೇಯೋಕೆ ಬರೋರು ಪ್ರಾವಿನ್ಸ್ ಬಿಟ್ಟು ಹೋಗೋ ಹಾಗಿಲ್ಲ ಅಂತ. ಅವ್ರು ಹೋದ್ರೆ ಆರ್ಮಿಗೆ ಬ್ಲಾಂಕೆಟ್ ಯಾರು ಮಾಡ್ತಾರೆ? ಆಲ್ ಇನ್ ಫೇವರ್, ಖಲಾಸ್."

"ನೀನೂ ಕೈ ಎತ್ತಿದೆಯಾ?"

"ಎತ್ತಿದೆ," ಎಂದವಳು ನನ್ನ ಮುಖ ನೋಡಿ ತಡವರಿಸಿದಳು. "ವೇಟ್. ಆ ಲಾ ಇದ್ದಿದ್ರೆ ನೀನು ಊರಲ್ಲೇ ಇರ್ಬೇಕಾಗ್ತಿತ್ತು, ಅಲ್ವಾ ಅಮ್ಮ?"

ಹೂಂ, ನೀನು ಹುಟ್ಟುತ್ತಲೇ ಇರಲಿಲ್ಲ, ಹೋಗಿ ಕೈಕಾಲು ತೊಳ್ಕೋ ಎಂದು ನಕ್ಕು ಕಳಿಸಿದೆ. ಅವಳು ಬಚ್ಚಲಿಗೆ ಹೋದ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತೆ. ನಾನು ಹೊರಟ ದಿನ ಅಪ್ಪ ಮಗ್ಗದಿಂದ ಎದ್ದು ಬಂದಿದ್ದ. ಹೋಗು ಅಂದ, ಅವ್ವನೂ ಹೋಗು ಅಂದಳು, ಇಡೀ ಕೇರಿ ಹೋಗು ಅಂದಿತು. ಇರು ಅಂತ ಅವತ್ತು ಒಬ್ಬರಾದರೂ ಕೈ ಎತ್ತಿದ್ದರೆ, ಬೈದುಕೊಂಡಾದರೂ ನಾನು ಇರುತ್ತಿದ್ದೆ.