ಒರೆಸಿಟ್ಟ ಸೈಕಲ್ಲು

ಹಾಲಸಿದ್ದಪ್ಪನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಜಮಖಂಡಿ ಕೋರ್ಟಿನಲ್ಲಿ ಹೆಸರು ಕೂಗುವ ಪಟ್ಟೇವಾಲಾ ಆಗಿ ವಾದಿ ಪ್ರತಿವಾದಿಗಳ ಆಣೆ ಪ್ರಮಾಣ ಕೇಳಿ ಕೇಳಿ, ಹೆಂಡತಿ ಮಾಯವ್ವ ಸಾರಿಗೆ ಉಪ್ಪು ಸರಿಯಾಗಿದೆ ಎಂದರೂ ಒಮ್ಮೆ ನೆಕ್ಕಿ ನೋಡುವ ಆಸಾಮಿಯಾಗಿದ್ದ. ಪುಣ್ಯಾತ್ಮ ನಂಬಿದ್ದು ತನ್ನ ಸೈಕಲ್ಲೊಂದನ್ನೇ.

ಮಳೆಗಾಲದಲ್ಲಿ ಅದನ್ನೂ ಹೊಲದಲ್ಲಿದ್ದ ಮನೆತನಕ ಒಯ್ಯುವಂತಿರಲಿಲ್ಲ. ತೇರದಾಳ ರಸ್ತೆ ಬಿಟ್ಟು ಹೊಲದ ದಾರಿ ಹಿಡಿದರೆ ಬರೀ ಎರೆಮಣ್ಣು. ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ ಗಾಲಿಯೇ ತಿರುಗದು. ಅದಕ್ಕೇ ಹೊಲಮನೆಯವರೆಲ್ಲ ಸೈಕಲ್ಲನ್ನು ರಸ್ತೆ ಬದಿಯ ಯಾರದಾದರೂ ಮನೆಯಲ್ಲಿ ಬಿಟ್ಟು ನಡೆದುಹೋಗುತ್ತಿದ್ದರು. ಇವನು ಬಿಡುತ್ತಿದ್ದುದು ಲಗಮವ್ವನ ಬಾಗಿಲಲ್ಲಿ. ಗಂಡ ತೀರಿಹೋದ ಮೇಲೆ ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದ ಹೆಂಗಸು ಅವಳು.

ಸಂಜೆ ದಣಿದು ಬಂದವನು ರಸ್ತೆಯಲ್ಲಿ ಮೆತ್ತಿದ ದಪ್ಪ ಕೆಸರನ್ನಷ್ಟೇ ಕಡ್ಡಿಯಿಂದ ಕೆರೆದು, ಬೀಗ ಹಾಕಿ ಹೋಗುತ್ತಿದ್ದ. ಬೆಳಗ್ಗೆ ಬಂದರೆ ಸೈಕಲ್ಲು ಮದುಮಗನ ಹಾಗೆ ನಿಂತಿರುತ್ತಿತ್ತು. ಒಂದೊಂದು ಸ್ಪೋಕನ್ನೂ ಒರೆಸಿದೆ, ಚೈನಿಗೆ ಚಿಮಣಿ ಎಣ್ಣೆಯ ವಾಸನೆ. ಬೇರೆಯವರಾದರೆ ಖುಷಿಪಡುತ್ತಿದ್ದರು. ಇವನಿಗೆ ಒಳಗೊಳಗೇ ಕಸಿವಿಸಿ. ಪುಕ್ಕಟೆ ಯಾರಾದರೂ ಪರರ ಕೆಸರು ತೊಳೆಯುತ್ತಾರೆಯೇ? ಯಾರೋ ರಾತ್ರಿ ಸೈಕಲ್ಲು ಹೊಡೆದು ತಿರುಗಾಡಿ ಬಂದು, ಗುರುತು ಸಿಗಬಾರದೆಂದು ಒರೆಸಿಡುತ್ತಿದ್ದಾರೆ! ಲಗಮವ್ವನ ತಮ್ಮ, ಕುರಿ ಕಾಯುವ ಅಮಸಿದ್ದಪ್ಪ, ಆಗಾಗ ಬಂದುಹೋಗುತ್ತಿದ್ದ. ಅವನೇ ಇರಬೇಕು. ಬೀಗ ಇದೆಯಲ್ಲ ಎಂದರೆ, ಕಳ್ಳಕೀಲಿ ಮಾಡಿಸಿರುತ್ತಾನೆ. ಅನುಮಾನಕ್ಕೆ ಬೀಗ ಎಲ್ಲಿಯದು!

ಕೊನೆಗೆ ಒಂದು ಸಂಜೆ ಹಾಲಸಿದ್ದಪ್ಪ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೊಲದ ದಾರಿಗೆ ಇಳಿದ. ಮರುದಿನವೂ ಹೊತ್ತ. ಅದರ ಮರುದಿನ ಲಗಮವ್ವ ಅಡ್ಡ ಬಂದು ನಿಂತಳು.

“ಯಾಕೋ ಹಾಲಸಿದ್ದಪ್ಪಾ, ನನ್ನ ಬಾಗಲಾ ಏನ್ ಮಾಡೇತಿ ನಿನಗ?”

“ನಿನ್ನ ತಮ್ಮನ್ನ ಕೇಳ ಯಕ್ಕಾ. ನನ್ನ ಸೈಕಲ್ ಹೊಡದು ಒರೆಸಿಡೂದು ನನಗ ಗೊತ್ತಾಗಂಗಿಲ್ಲೇನು?”

“ಅಂವಗ ಸೈಕಲ್ ಹೊಡ್ಯಾಕ ಎಲ್ಲಿ ಬರತೈತೋ! ಒರೆಸಾಕಿ ನಾನ.”

“ನೀ ಯಾಕ ಒರೆಸ್ತಿ?”

ಅವಳು ಸೆರಗು ಬಿಗಿಮಾಡಿಕೊಂಡು ರಸ್ತೆಯತ್ತ ನೋಡಿದಳು.

“ಕೆಸರು ಮೆತ್ತಿದ್ರ ಯಾರೋ ಬಿಟ್ಟು ಹೋಗ್ಯಾರ ಅಂತ ತಿಳೀತೈತಿ. ಒರೆಸಿಟ್ರ ಮನ್ಯಾಗ ಗಂಡಸು ಅದಾನ ಅಂತಾರ. ನೀ ಒಯ್ಯಾಕತ್ತಿದ ಮ್ಯಾಲ ರಾತ್ರಿ ಯಾರೋ ಚಿಲಕ ಅಲಗಾಡಸಾಕತ್ತಾರೋ.”

ಹಾಲಸಿದ್ದಪ್ಪನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಆದರೂ ಅವನ ಬಾಯಿ ಸುಮ್ಮನಿರಲಿಲ್ಲ. “ಜನಾ ಏನರ ಅಂದ್ರ?”

“ಅನ್ನಲಿ. ಅವರು ಹಂಗ ಅಂದ್ರನ ನನಗ ನಿದ್ದಿ.”

ಅವನು ಸೈಕಲ್ಲನ್ನು ಇಳಿಸಿ ಬಾಗಿಲ ಪಕ್ಕ ನಿಲ್ಲಿಸಿದ. ರಸ್ತೆಯ ಆ ಕಡೆ ಈ ಕಡೆ ಒಮ್ಮೆ ನೋಡಿದ. ಆಮೇಲೆ ಕಾಲಿನ ಚಪ್ಪಲಿ ಕಳಚಿ, ಒಳಗೆ ಹೋದವನು ಬಿಟ್ಟ ಹಾಗೆ ಹೊಸ್ತಿಲ ಹತ್ತಿರ ಇಟ್ಟು, ಬರಿಗಾಲಲ್ಲಿ ಕೆಸರಿಗೆ ಇಳಿದ.