ಸ್ಪೀಕರ್ ಡಬ್ಬಿಗೆ ಗಾಳಿ ಬೇಕಾಯಿತು

ಹಳೆಯ ಸ್ಪೀಕರ್ ಡಬ್ಬಿಯೊಳಗೆ ನಾನು ಕೂರಿಸಿದ ಕಂಪ್ಯೂಟರ್ ಇಂದು ಮಧ್ಯಾಹ್ನ ಸಿ.ಡಿ.ಯ ಎರಡು ಹಾಡು ನುಡಿಸಿ ಬಂದ್ ಆಯಿತು. ಸುದ್ದಿ ಕೊಟ್ಟವಳು ಹೆಂಡತಿ: "ಬರ್ರಿ, ನಿಮ್ಮ ಡಬ್ಬಿ ಕಾದ ಹಂಚಿನಂಗ ಆಗೇದ!"

ಗೆಳೆಯರೇ, ಒಳಗೆ ಗಾಳಿಯಾಡುತ್ತಿರಲಿಲ್ಲ. ಹಿಂದಿನ ಹಲಗೆಗೆ ತೂತು ಹಾಕಬೇಕು. ಡಬ್ಬಿ ತಾವೇ ಕಟ್ಟಿ, ನನಗೆ ಕೊಟ್ಟವರು ಅಫಜಲಪುರದಲ್ಲಿ ಸೌಂಡ್ ಸರ್ವಿಸ್ ನಡೆಸುತ್ತಿದ್ದ ಖಾಸಿಂ ಚಾಚಾ. ತೂತು ಹಾಕಲೇ ಎಂದು ಹೋಗಿ ಕೇಳಿದೆ.

"ಸಂದಿ ಉಳದ್ರ ಆವಾಜ್ ಕೆಡ್ತದಂತ ಮೂಲಿಮೂಲಿಗೂ ಅಂಟು ತುಂಬೇನಿ. ನೀ ತೂತು ಹಾಕ್ತೀಯೇನಲೇ?"

"ಹಾಕದಿದ್ರ ಇದು ಹಾಡಂಗಿಲ್ರಿ, ಚಾಚಾ."

ಚಾಚಾ, "ನೀ ಕೈ ಹಚ್ಚಬ್ಯಾಡ, ಹಲಗಿ ಸೀಳಿಬಿಡ್ತೀ" ಎಂದರು.

ಗಾಳಿ ನುಸುಳದಂತೆ ಡಬ್ಬಿ ಕಟ್ಟಿದವರೇ ನಾಳೆ ಬೆಳಿಗ್ಗೆ ತೂತು ಕೊರೆಯುವ ಬೈರಿಗೆ ಹಿಡಿದು ನಮ್ಮ ಮನೆಗೆ ಬರಲಿದ್ದಾರೆ.