ಟೈರೋ ಚೈನೋ ಎಂಬ ಜಗಳ

ಆ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಬಾವನೂ ನಾನೂ ಸರಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದೆವು. ಬಾವ ಎಂದರೆ ನನ್ನ ಅಕ್ಕನ ಗಂಡ. ಕುದೂರಿನ ಹತ್ತಿರ ಅವರದು ರಾಗಿ ಹೊಲ, ಒಂದಿಷ್ಟು ಮಾವು. ನಾನು ಅದೇ ಸೀಮೆಯಲ್ಲಿ ಮುಂದೆ ಬಕೆಟ್ಟು, ಹಿಂದೆ ಅಗೆಯುವ ಕೈ ಇರುವ ದೊಡ್ಡ ಹಳದಿ ಗಾಡಿಯನ್ನು ಬೇರೆಯವರ ಹತ್ತಿರ ಸಂಬಳಕ್ಕೆ ಓಡಿಸುತ್ತಿದ್ದೆ. ಇಬ್ಬರೂ ಸೇರಿ ಸ್ವಂತಕ್ಕೆ ಒಂದು ಪುಟ್ಟ ಲೋಡರ್ ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ದು ಅಕ್ಕನ ಮನೆಯ ಜಗಲಿಯ ಮೇಲೆ, ನಗುನಗುತ್ತಲೇ. ಗಿಡಗಂಟಿ ಕೀಳುವುದು, ನೆಲ ಮಟ್ಟ ಮಾಡುವುದು, ರೇಷ್ಮೆ ಹುಳ ಸಾಕುವ ಶೆಡ್ಡಿಗೆ ತಳ ಮಾಡಿಕೊಡುವುದು, ಇಂಥ ಕೆಲಸಗಳಿಗೆ ದೊಡ್ಡ ಗಾಡಿ ಒಳಗೇ ಹೋಗುವುದಿಲ್ಲ. ತೆಂಗಿನ ಸಾಲಿನ ನಡುವೆ ತಿರುಗಿಸಲು ಹೋದರೆ ಹನಿ ನೀರಿನ ಪೈಪು ಹರಿಯುತ್ತದೆ, ಯಜಮಾನ ಬಾಯಿ ಮಾಡುತ್ತಾನೆ. ಪುಟ್ಟ ಗಾಡಿ ಇದ್ದರೆ ಕರೆಯುವವರಿಗೆ ಬರವಿರಲಿಲ್ಲ. ಅಲ್ಲಿಯವರೆಗೂ ನಮ್ಮಿಬ್ಬರದೂ ಒಂದೇ ಮಾತು. ಜಗಳ ಹುಟ್ಟಿದ್ದು ಗಾಡಿಯ ಕಾಲಿನ ವಿಷಯಕ್ಕೆ: ಟೈರಿನ ಚಕ್ರವೋ, ಯುದ್ಧದ ಟ್ಯಾಂಕಿಗಿರುವಂತೆ ಸುತ್ತುವ ರಬ್ಬರಿನ ಚೈನೋ.

"ಟೈರಿಂದೇ ಆಗ್ಬೇಕು ಕಣ್ಲಾ," ಅಂದರು ಬಾವ. "ಬೆಳಿಗ್ಗೆ ಎದ್ದು ಟಾರ್ ರೋಡಲ್ಲಿ ಓಡುಸ್ಕೊಂಡ್ ಹೋಗ್ಬೋದು. ಚೈನಿಂದು ಅಂದ್ರೆ ಊರಿಂದೂರ್ಗೆ ಇನ್ನೊಂದ್ ಗಾಡಿ ಮೇಲೆ ಕೂರುಸ್ಕೊಂಡ್ ಮೆರವಣಿಗೆ ಮಾಡ್ಬೇಕು."

"ನಮ್ ನೆಲ ನೋಡಿ ಬಾವ. ಒಂದ್ ಕಡೆ ಇಳಿಜಾರು, ಇನ್ನೊಂದ್ ಕಡೆ ಕೆರೆ ಮಣ್ಣು. ಮಳೆ ಬಿದ್ದ ಮಾರ್ನೇ ದಿನ ಟೈರ್ ಹೂತ್ಕೊಂಡ್ರೆ ಎತ್ತೋಕೆ ಯಾರ್ನ ಕರೀತೀರಾ?"

"ಬಂಡೆ ಮೇಲೆ ನಿನ್ ರಬ್ಬರ್ ಚೈನು ಚಪ್ಪಲಿ ಸವೆದಂಗೆ ಸವೀತದೆ. ಆಗ ನೀನ್ ಯಾರ್ನ ಕರೀತೀಯ?"

ಅವರು ಹೇಳುವುದೂ ನಿಜ, ನಾನು ಹೇಳುವುದೂ ನಿಜ. ಕಷ್ಟ ಇದ್ದದ್ದೇ ಅಲ್ಲಿ. ಒಬ್ಬರದು ಸುಳ್ಳಾಗಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಮಾತು ಬೆಳೆದು ಬೆಳೆದು, ಗಾಡಿ ಬಿಟ್ಟು ಹಳೆಯ ಮದುವೆ ಮುಂಜಿಗಳ ಲೆಕ್ಕಕ್ಕೆ ಹೋಗಿ ನಿಂತಿತು. ಒಂದು ದಿನ ಅಕ್ಕ ಊಟಕ್ಕೆ ಬಡಿಸುತ್ತಾ, "ನೀವಿಬ್ರೂ ಬಾಯಲ್ಲೇ ನೆಲ ಉಳ್ತಾ ಇದೀರ. ಗಾಡಿ ತರ್ಸಿ, ಕೆಲ್ಸ ಮಾಡ್ಸಿ ನೋಡಿ. ಇಲ್ದಿದ್ರೆ ಈ ಮಾತು ನನ್ ಮನೇಲಿ ಎತ್ಲೇಬೇಡಿ," ಅಂದಳು.

ಹಾಗೆ ನಿಶ್ಚಯವಾದದ್ದು ಆ ಪರೀಕ್ಷೆ. ಗಾಡಿ ಮಾರುವವರು ಚೈನಿನ ಲೋಡರನ್ನು ಒಂದು ದಿನದ ಮಟ್ಟಿಗೆ, ತಮ್ಮ ಆಪರೇಟರ್ ಜೊತೆ ಕಳಿಸಲು ಒಪ್ಪಿದರು. ಜಾಗ ಕೂಟಗಲ್ ಕಡೆ ಬಾವನ ಪರಿಚಯದವರ ಹೊಲ. ಅವರನ್ನು ನಾವೆಲ್ಲ ಯಜಮಾನ್ರು ಅಂತಲೇ ಕರೆಯುತ್ತಿದ್ದೆವು. ಅವರಪ್ಪ ತೀರಿಕೊಂಡ ಮೇಲೆ ಬೀಳು ಬಿದ್ದಿದ್ದ ಇಳಿಜಾರಿನ ಹೊಲ. ಆಳೆತ್ತರ ಲಂಟಾನ ಬೆಳೆದು ನೆಲವೇ ಕಾಣುತ್ತಿರಲಿಲ್ಲ. ಅದನ್ನು ಕಿತ್ತು, ಮಟ್ಟ ಮಾಡಿ, ಹಿಪ್ಪುನೇರಳೆ ಹಾಕುವ ಆಸೆ ಅವರದು.

ಬಿಸಿಲೇರುವ ಮುಂಚೆಯೇ ಗಾಡಿ ಇಳಿಯಿತು. ಆಪರೇಟರ್ ಮರಳವಾಡಿ ಕಡೆಯವರು, ನನಗಿಂತ ಹಿರಿಯರು, ಕಡಿಮೆ ಮಾತಿನ ಮನುಷ್ಯ. ಬಕೆಟ್ಟನ್ನು ನೆಲಕ್ಕೆ ಕಚ್ಚಿಸಿ ಮುಂದೆ ಹೋದರೆ ಲಂಟಾನ ಬೇರು ಸಮೇತ ಚಾಪೆಯಂತೆ ಸುತ್ತಿಕೊಂಡು ಬರುತ್ತಿತ್ತು. ಇಳಿಜಾರಿನಲ್ಲಿ ಅಡ್ಡಡ್ಡ ಹೋದರೂ ಜಾರಲಿಲ್ಲ. ಅದು ಹೋದ ಕಡೆ ನೆಲ ತಟ್ಟಿದ ರೊಟ್ಟಿಯ ಹಾಗೆ ಕೂರುತ್ತಿತ್ತು. ನಾನು ಬಾವನ ಮುಖ ನೋಡಿದೆ, ಅಷ್ಟೆ. ಬಾವ ಅದನ್ನು ಕಂಡು ಉರಿದುಕೊಂಡರು.

"ಇಳೀರಿ ಅಣ್ಣ, ನಾನೊಸಿ ಓಡುಸ್ತೀನಿ," ಅಂದರು ಆಪರೇಟರಿಗೆ. ಬಾವನಿಗೆ ಟ್ರ್ಯಾಕ್ಟರ್ ಓಡಿಸುವುದೆಂದರೆ ನೀರು ಕುಡಿದಷ್ಟು ಸಲೀಸು. ಆಪರೇಟರ್ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ಎರಡೂ ಕೈಯ ಹಿಡಿಗಳನ್ನು ಹೇಗೆ ಆಡಿಸಬೇಕೆಂದು ತೋರಿಸಿ, ತೊಡೆಯ ಮೇಲೆ ಬೀಳುವ ಸರಳನ್ನು ಇಳಿಸಿ, ಬಾಗಿಲು ಹಾಕಿದರು. ಈ ಗಾಡಿಗೆ ಬಾಗಿಲು ಪಕ್ಕದಲ್ಲಿಲ್ಲ, ಮುಂದೆ. ಬಕೆಟ್ಟು ಹಿಡಿದಿರುವ ಎರಡು ಉಕ್ಕಿನ ತೋಳುಗಳ ನಡುವೆಯೇ ಹತ್ತಿ ಇಳಿಯಬೇಕು. ತೋಳು ಅರ್ಧ ಎತ್ತಿದ್ದರೆ ಬಾಗಿಲು ತೆರೆಯಲು ಬರುವುದಿಲ್ಲ.

ಬಾವ ನಿಧಾನವಾಗಿಯೇ ಶುರು ಮಾಡಿದರು. ಹೊಂಗೆ ಮರದ ಕೆಳಗಿನ ದಟ್ಟ ಪೊದೆಗೆ ಬಕೆಟ್ಟು ತೂರಿಸಿ, ದೊಡ್ಡದೊಂದು ಬುಡವನ್ನು ಮಣ್ಣು ಸಮೇತ ಎತ್ತಿದರು. ಎತ್ತಿಕೊಂಡೇ ಒಂದಷ್ಟು ಮುಂದೆ ಹೋದರು. ಆಗ ಗಾಡಿಯ ಮೂತಿ ಮೆಲ್ಲಗೆ ಬಾಗಿತು. ಹಳ್ಳ ಇರಬೇಕು ಅಂದುಕೊಂಡೆ. ಆಮೇಲೆ ಅದರ ಮುಂದಿನ ಪೊದೆ ಇದ್ದ ಹಾಗೇ, ನಿಂತ ಹಾಗೇ, ಕೆಳಗೆ ಹೋಯಿತು. ಸದ್ದು ಬಂದದ್ದು ಆಮೇಲೆ. ಆಳದಿಂದ ಬಂದ ಸದ್ದು.

ಧೂಳು ಎದ್ದಿತು. ಧೂಳಿನೊಳಗೆ ಗಾಡಿ ಮುಂದಕ್ಕೆ ಬಾಗಿ ನಿಂತಿತ್ತು, ಎರಡೂ ಚೈನುಗಳ ಮುಂದಿನ ತುದಿ ಗಾಳಿಯಲ್ಲಿ. ಅದರ ಕೆಳಗೆ ಕಪ್ಪು.

"ಬಾವಿ!" ಅಂತ ಯಜಮಾನರು ಕಿರುಚಿದರು. "ಅಯ್ಯೋ, ನಮ್ಮಪ್ಪ ಮುಚ್ಚುಸ್ಬುಟ್ಟಿದ್ರು ಕಣಪ್ಪ ಅದ್ನ! ಮುಚ್ಚಿದ್ದ ಬಾವಿ ಅದು!"

ಮುಚ್ಚಿಸಿದ್ದು ನಿಜವೇ. ತೆಂಗಿನ ಗರಿ, ಕಡಿದ ಕೊಂಬೆ ತುಂಬಿ ಮೇಲೆ ಮಣ್ಣು ಎಳೆಸಿದ್ದರಂತೆ. ಒಳಗಿನದೆಲ್ಲ ಕೊಳೆತು ಕುಸಿದು, ಮೇಲೆ ಬೇರುಗಳ ಬಲೆಯ ಮೇಲೆ ಒಂದು ಪದರ ಮಣ್ಣು ಮಾತ್ರ ಉಳಿದಿತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಒಂದೇ: ಗಾಡಿಯೊಳಗೆ ಬಾವ ಇದ್ದಾರೆ, ಬಾಗಿಲು ಇರುವುದು ಬಾವಿಯ ಕಡೆಗೆ.

ನಾನು ಓಡಲು ಹೊರಟೆ. ಆಪರೇಟರ್ ನನ್ನ ತೋಳು ಹಿಡಿದು ನಿಲ್ಲಿಸಿದರು. "ಮುಂದಕ್ ಹೋಗ್ಬೇಡಿ. ಅಂಚು ಕಿತ್ಕೊಂಡ್ ಬತ್ತದೆ." ಆಮೇಲೆ ತಾವೇ ಹಿಂದಿನಿಂದ ಬಳಸಿ, ಬಾವನಿಗೆ ಕಾಣುವಷ್ಟು ದೂರದಲ್ಲಿ ಪಕ್ಕಕ್ಕೆ ನಿಂತು ಕೂಗಿದರು: "ಕೈಲಿರೋ ಹಿಡಿಗಳ್ನ ಬುಡಿ! ಯಾವ್ದೂ ಮುಟ್ಬೇಡಿ! ಇಂಜಿನ್ ಆಫ್ ಮಾಡಿ!"

ಇಂಜಿನ್ ನಿಂತಿತು. ನಿಂತ ಮೇಲೆ, ಅಂಚಿನಿಂದ ಮಣ್ಣು ಸುರಿದು ಆಳದಲ್ಲಿ ಬೀಳುವುದು ಕೇಳಿಸತೊಡಗಿತು.

"ಬಕೆಟ್ಟಲ್ಲಿರೋದ ಸುರುದ್ಬುಡ್ಲಾ?" ಅಂತ ಒಳಗಿನಿಂದ ಬಾವ ಕೂಗಿದರು.

"ಬೇಡ! ಜರ್ಕಿಗೆ ಜಾರ್ತದೆ. ತೊಡೆ ಮೇಲಿನ ಸರಳು ಮೇಲಕ್ ಎತ್ತಿ. ಎತ್ತಿದ್ರೆ ಎಲ್ಲ ಲಾಕ್ ಆಯ್ತದೆ."

ಬಾವ ಎತ್ತಲಿಲ್ಲ. ಎರಡೂ ಕೈಯಿಂದ ಅದೇ ಸರಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಬೀಳುತ್ತಿರುವವನಿಗೆ ಹಿಡಿದುಕೊಂಡಿರುವುದನ್ನು ಬಿಡು ಅಂದರೆ ಬಿಡುತ್ತಾನೆಯೇ? ಆಪರೇಟರ್ ಮತ್ತೆ ಮತ್ತೆ ಕೂಗಿದರು. ಬಾವನ ಕಣ್ಣು ಕೆಳಗಿನ ಕಪ್ಪಿಗೇ ನೆಟ್ಟಿತ್ತು.

ಅಕ್ಕ ಅಡುಗೆ ಮಾಡಿ ಬುತ್ತಿ ತಂದಿದ್ದಳು. ದೂರದ ಇನ್ನೊಂದು ಮರದ ನೆರಳಲ್ಲಿ ಇಟ್ಟು ನಮ್ಮನ್ನು ನೋಡುತ್ತಾ ಕೂತಿದ್ದವಳು, ಯಾವಾಗ ಎದ್ದು ಬಂದಳೋ, ಆಪರೇಟರ್ ಪಕ್ಕ ನಿಂತಿದ್ದಳು. ಅಳುತ್ತಾಳೆ ಅಂದುಕೊಂಡೆ. ಅವಳು ಮನೆಯಲ್ಲಿ ಗದರುವ ದನಿಯಲ್ಲೇ ಗದರಿದಳು.

"ಏನ್ರೀ, ಇಲ್ ನೋಡಿ. ಅಲ್ಲೇನ್ ನೋಡ್ತೀರಾ? ನನ್ ಕಡೆ ನೋಡಿ."

ಬಾವ ನೋಡಿದರು.

"ಆ ಅಣ್ಣ ಹೇಳ್ತಾವ್ರಲ್ಲ, ಸರಳು ಎತ್ತಿ. ನಾನ್ ನೋಡ್ತಾ ಇವ್ನಿ. ಎತ್ತಿ."

ಅವರು ಎತ್ತಿದರು. ಗಾಡಿ ಕದಲಲಿಲ್ಲ.

ಅಷ್ಟರಲ್ಲಿ ನಾನು ಯಜಮಾನರ ಟ್ರ್ಯಾಕ್ಟರನ್ನು ಹಿಂದು ಹಿಂದಕ್ಕೆ ಬಿಟ್ಟುಕೊಂಡು ಬಂದಿದ್ದೆ. ಹತ್ತಿರ ಬಂದಷ್ಟೂ ನೆಲ ಅದುರುತ್ತದೆಂಬ ಹೆದರಿಕೆ. ದೂರದಲ್ಲೇ ನಿಲ್ಲಿಸಿ, ಸರಪಣಿಗೆ ಸರಪಣಿ ಜೋಡಿಸಿ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಲೋಡರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿದೆ. ಮೂಗಿಗೆ ಬಿಸಿ ಎಣ್ಣೆಯ ವಾಸನೆ, ಅದರ ಜೊತೆಗೆ ಬಾವಿಯಿಂದ ಬರುತ್ತಿದ್ದ ಕೊಳೆತ ಗರಿಯ ವಾಸನೆ. ಟ್ರ್ಯಾಕ್ಟರಿಗೆ ಅದನ್ನು ಎಳೆಯುವ ಶಕ್ತಿ ಇಲ್ಲ ಅಂತ ನನಗೆ ಗೊತ್ತಿತ್ತು. ಎಳೆಯುವುದು ಬೇಡ, ಜಾರದ ಹಾಗೆ ಹಿಡಿದುಕೊಂಡರೆ ಸಾಕು. ವಾಪಸ್ ಬಂದು ಟ್ರ್ಯಾಕ್ಟರನ್ನು ಸರಪಣಿ ಬಿಗಿಯಾಗುವವರೆಗೆ ಮುಂದೆ ತಂದು, ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟೆ.

"ಹಿಂದಿನ್ ಗಾಜು," ಅಂದರು ಆಪರೇಟರ್. "ಅದರ ಸುತ್ತ ರಬ್ಬರ್ ದಾರ ಐತೆ. ಎಳುದ್ರೆ ಗಾಜು ಹೊರಗ್ ಬತ್ತದೆ. ಅಲ್ಲಿಂದ್ಲೇ ಬರ್ಬೇಕು."

ಅದನ್ನು ಬಾವನಿಗೆ ಅರ್ಥ ಮಾಡಿಸಿದ್ದೂ ಅಕ್ಕನೇ. "ತಲೆ ಹಿಂದೆ ಕೈ ಹಾಕಿ. ಮೇಲೆ. ಇನ್ನೊಸಿ ಮೇಲೆ. ದಾರ ಸಿಕ್ತಾ? ಎಳೀರಿ. ಗಾಜು ಒಡುದ್ರೆ ಒಡೀಲಿ."

ಗಾಜು ಕಳಚಿ ಇಂಜಿನ್ ಮುಚ್ಚಳದ ಮೇಲೆ ಜಾರಿ ಬಿತ್ತು. ಬಾವ ದಪ್ಪ ಆಳು. ತಲೆ, ಒಂದು ಭುಜ ಬಂದು ಅಲ್ಲೇ ಸಿಕ್ಕಿಕೊಂಡರು. ಸರಪಣಿ ಕಿರ್ ಎಂದಿತು. ಅಂಚಿನಿಂದ ದೊಡ್ಡ ಹೆಂಟೆಯೊಂದು ಕಳಚಿ ಬಿತ್ತು, ಗಾಡಿ ಒಂದು ಕಡೆಗೆ ವಾಲಿತು. ನಾನು ಯೋಚನೆ ಮಾಡಲಿಲ್ಲ. ಸರಪಣಿ ಹಿಡಿದು ಹೋಗಿ, ಇಂಜಿನ್ ಮೇಲೆ ಬಗ್ಗಿ, ಬಾವನ ಕಂಕುಳಿಗೆ ಕೈ ಹಾಕಿ ಎಳೆದೆ. ಅಂಗಿ ಹರಿಯಿತು. ಬಾವ ನನ್ನ ಮೇಲೆ ಬಿದ್ದರು, ಇಬ್ಬರೂ ನೆಲಕ್ಕೆ ಬಿದ್ದೆವು. ಬಿದ್ದ ಕಡೆಯಿಂದ ಎದ್ದು ಓಡಲಿಲ್ಲ. ಕೂಸುಗಳ ಹಾಗೆ ಅಂಬೆಗಾಲಿಕ್ಕಿಕೊಂಡು ಮೇಲೆ ಬಂದೆವು.

ಬಾವ ನೀರು ಕುಡಿದರು. ಇಂಜಿನ್ನಿನ ಬಿಸಿ ತಾಗಿ ಮೊಣಕೈ ಕೆಂಪಾಗಿತ್ತು. ಅಕ್ಕ ಸೆರಗಿನಿಂದ ಅವರ ಬೆನ್ನಿನ ಮಣ್ಣು ಒರೆಸಿದಳು. ಒರೆಸುತ್ತಾ ಒರೆಸುತ್ತಾ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಯಜಮಾನರು ಹತ್ತಿರ ಬರಲೂ ಆಗದೆ ದೂರದಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ಸಂಜೆಯ ಹೊತ್ತಿಗೆ ಮಾರುವವರ ಕಡೆಯಿಂದ ದೊಡ್ಡ ಯಂತ್ರ ಬಂದು ಲೋಡರನ್ನು ಹಿಂದಕ್ಕೆ ಎಳೆದು ತೆಗೆಯಿತು. ಬಕೆಟ್ಟಿನ ಮೂಲೆ ನಜ್ಜಾಗಿತ್ತು, ಅಷ್ಟೆ. ಯಜಮಾನರು ಆ ವಾರವೇ ಬಾವಿಗೆ ಕಲ್ಲು ತುಂಬಿಸಿದರು.

ಗಾಡಿಯ ಮಾತು ಇನ್ನು ಮುಗಿದ ಹಾಗೇ ಅಂದುಕೊಂಡಿದ್ದೆ. ನನಗಂತೂ ಕಣ್ಣು ಮುಚ್ಚಿದರೆ ಗಾಳಿಯಲ್ಲಿ ನಿಂತ ಆ ಚೈನಿನ ತುದಿಯೇ ಕಾಣುತ್ತಿತ್ತು. ಆದರೆ ಒಂದು ಬೆಳಿಗ್ಗೆ ಬಾವ ತಾವಾಗಿಯೇ ನನ್ನ ಮನೆಗೆ ಬಂದರು. ಕಾಫಿ ಲೋಟ ಕೆಳಗಿಡದೆ ಹೇಳಿದರು: "ಚೈನಿಂದೇ ತಗೊಳಣ ಕಣ್ಲಾ."

"ಬೇಡ ಬಾವ. ಟೈರಿಂದು ನೋಡಣ."

"ಯಾಕ್ಲಾ? ಆ ಚೈನು ಉದ್ದುಕ್ಕೆ ನೆಲ ಹಿಡ್ಕೊಂಡಿದ್ದಕ್ಕೇ ನಾನ್ ಮೇಲಿದ್ದದ್ದು. ಟೈರಾಗಿದ್ರೆ ಮುಂದಿನ್ ಚಕ್ರ ಇಳೀತಿದ್ದಂಗೇ ತಳಕ್ ಹೋಗ್ಬುಡ್ತಿದ್ದೆ."

"ಟೈರಾಗಿದ್ರೆ ನೆಲ ಮೆತ್ತಗಾದ್ ತಕ್ಷಣ ಚಕ್ರ ಹೂತ್ಕೊಂಡು ಗೊತ್ತಾಗ್ತಿತ್ತು ಬಾವ. ಚೈನು ಭಾರನೆಲ್ಲ ಹರಡ್ಕೊಂಡು, ಏನೂ ಇಲ್ಲ ಏನೂ ಇಲ್ಲ ಅಂತ ನಿಮ್ಮನ್ನ ಬಾವಿ ಬಾಯಿಗಂಟ ಕರ್ಕೊಂಡ್ ಹೋಯ್ತು."

ಅಷ್ಟು ದಿನ ನಾನು ಆಡಿದ್ದನ್ನು ಅವರು ಆಡುತ್ತಿದ್ದರು, ಅವರು ಆಡಿದ್ದನ್ನು ನಾನು. ಬೇರೆ ಯಾವಾಗಲಾದರೂ ಆಗಿದ್ದರೆ ನಗು ಬರುತ್ತಿತ್ತು. ಆವತ್ತು ಬಾವನ ದವಡೆ ಬಿಗಿದಿತ್ತು. ಅವರಿಗೆ ಬೇಕಾಗಿದ್ದದ್ದು ಗಾಡಿಯಲ್ಲ, ಆ ಹೆದರಿಕೆಯ ಮೇಲೆ ಮತ್ತೆ ಹತ್ತಿ ಕೂರುವುದು ಅಂತ ನನಗನ್ನಿಸಿತು.

ನನ್ನ ಹಟಕ್ಕೆ ಹಾರೋಹಳ್ಳಿ ಕಡೆ ಟೈರಿನ ಲೋಡರ್ ಕೆಲಸ ಮಾಡುತ್ತಿದ್ದ ಕಡೆಗೂ ಹೋಗಿ ನೋಡಿದೆವು. ಹಿಂದಿನ ದಿನ ಮಳೆ ಬಿದ್ದಿತ್ತು. ತಿರುಗಿದಲ್ಲೆಲ್ಲ ಗುಂಡಿ ಬೀಳುತ್ತಿತ್ತು. ಮಟ್ಟ ಮಾಡಿದ್ದನ್ನೇ ಮತ್ತೆ ಮಟ್ಟ ಮಾಡುತ್ತಿದ್ದರು. ನಾನು ಬೆಳಗಿನಿಂದ ಹುಡುಕುತ್ತಿದ್ದ ಸಮಾಧಾನ ಅಲ್ಲಿ ಸಿಗಲಿಲ್ಲ. ಬಾವ ಗೆದ್ದವರ ಹಾಗೆ ನೋಡಲೂ ಇಲ್ಲ.

ಕೊನೆಗೆ ಚೈನಿನದೇ ಗಟ್ಟಿಯಾಯಿತು. ರಾಮನಗರದಲ್ಲಿ ಅದನ್ನು ನೋಡಲು ಹೋದಾಗ ಅಕ್ಕ ನಾನೂ ಬರುತ್ತೇನೆಂದು ಹೊರಟಳು. ಮಾರುವವನು ಬಾವನಿಗೆ ಇಂಜಿನ್ನಿನ ಶಕ್ತಿ, ಏಸಿ, ಸೀಟು ಎಂದೆಲ್ಲ ಹೇಳುತ್ತಿರುವಾಗ ಅಕ್ಕ ಸೀರೆ ಎತ್ತಿ ಕಟ್ಟಿ ಒಳಗೆ ಹತ್ತಿ ಕೂತಳು.

"ಹಿಂದಿನ್ ಗಾಜು ತಗ್ದು ತೋರ್ಸಪ್ಪ," ಅಂದಳು.

"ಹೊಸದು ಮೇಡಂ, ತೆಗೆದ್ರೆ ರಬ್ಬರ್ ಮತ್ತೆ ಸರಿಯಾಗಿ ಕೂರಲ್ಲ."

"ಕೂರ್ದೇ ಇದ್ರೆ ಬೇರೆ ರಬ್ಬರ್ ಹಾಕೊಡಿ. ನಾನು ಇದರೊಳಗಿಂದ ಹೊರಗ್ ಬಂದ್ ನೋಡ್ದೇ ಇವರಿಬ್ರೂ ಇದ್ನ ತಗೊಳಲ್ಲ."

ಅವನು ಬಾವನ ಮುಖ ನೋಡಿದ. ಬಾವ ಬೇರೆ ಕಡೆ ನೋಡಿದರು. ಗಾಜು ತೆಗೆಸಿ, ಆ ಕಿಂಡಿಯಲ್ಲಿ ನನ್ನ ಅಕ್ಕ, ಹೆಣ್ಣುಮಗಳ ಮದುವೆ ಮಾಡಿ ಮೊಮ್ಮಗುವನ್ನು ಎತ್ತಿಕೊಂಡವಳು, ತೂರಿಕೊಂಡು ಹೊರಗೆ ಬಂದಳು. ಶೋರೂಮಿನಲ್ಲಿದ್ದವರೆಲ್ಲ ನಿಂತು ನೋಡಿದರು. ಒಬ್ಬರೂ ನಗಲಿಲ್ಲ.

ಅವಳದು ಇನ್ನೊಂದು ಕರಾರು ಇತ್ತು. ಹೊಸ ನೆಲಕ್ಕೆ ಗಾಡಿ ಇಳಿಸುವ ಮುಂಚೆ ಇಬ್ಬರಲ್ಲೊಬ್ಬರು ಹಾರೆ ಹಿಡಿದು, ಪೊದೆ ಸವರಿಕೊಂಡು, ಇಡೀ ಹೊಲ ಕುಟ್ಟಿ ನೋಡಬೇಕು. ಊರಿನ ವಯಸ್ಸಾದವರನ್ನು ಬಾವಿ ಎಲ್ಲಿತ್ತು ಅಂತ ಕೇಳಬೇಕು. ಒಪ್ಪಿಕೊಂಡೆವು.

ಮೊದಲ ಕೆಲಸ ಸಿಕ್ಕಿದ್ದು ಚನ್ನಪಟ್ಟಣದ ಆಚೆ. ಹಾರೆ ಹಿಡಿದು ಹೊಲವೆಲ್ಲ ನಡೆದವನು ನಾನು. ಗಾಡಿ ಹತ್ತಿದವರು ಬಾವ. ಹತ್ತಿ, ಬಾಗಿಲು ಹಾಕಿಕೊಂಡು, ಸರಳು ಇಳಿಸಿಕೊಂಡು, ಇಂಜಿನ್ ಹಾಕದೆ ಹಾಗೇ ಕೂತರು. ಹೊಲದವರು ಏನಾಯ್ತು ಅಂತ ನನ್ನನ್ನು ಕೇಳಿದರು. ಏನಿಲ್ಲ ಅಂದೆ. ಗಾಜಿನಾಚೆ ಬಾವನ ಮುಖದ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ಹತ್ತಿರ ಹೋಗಿ ಇಳೀರಿ ಬಾವ, ನಾನು ಓಡಿಸ್ತೀನಿ ಅನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಬದುವಿನ ಮೇಲೆ ಕೂತೆ, ಅವರಿಗೆ ಕಾಣುವ ಕಡೆಯಲ್ಲಿ. ಬಿಸಿಲು ಬದುವಿನ ಈಚೆಗೆ ಬಂದಾಗ ಇಂಜಿನ್ ಗುರುಗುಟ್ಟಿತು.